ಅಳತೆ ಇದೆ, ನಾದ ಎಲ್ಲಿ? ಮನೆಯಲ್ಲಿ ಗಿಟಾರ್ ಕಟ್ಟುವವರ ಬರಹದ ಬಗ್ಗೆ

ಮನೆಯ ಗ್ಯಾರೇಜಿನಲ್ಲೋ, ಹಿತ್ತಲಿನ ಶೆಡ್ಡಿನಲ್ಲೋ, ಫ್ಲ್ಯಾಟಿನ ಬಾಲ್ಕನಿಯ ಮೂಲೆಯಲ್ಲೋ ಗಿಟಾರ್ ಕಟ್ಟುವ ಹವ್ಯಾಸಿಗಳು ಎಷ್ಟೋ ದೇಶಗಳಲ್ಲಿದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಮರಗೆಲಸ ಹೊಟ್ಟೆಪಾಡಲ್ಲ. ಒಬ್ಬರು ಹಲ್ಲಿನ ಡಾಕ್ಟರು, ಇನ್ನೊಬ್ಬರು ಶಾಲೆಯ ಮೇಷ್ಟ್ರು, ಮತ್ತೊಬ್ಬರು ನಿವೃತ್ತ ಎಂಜಿನಿಯರು. ನಮ್ಮಂಥ ಸಾಫ್ಟ್‌ವೇರಿನವರೂ ಬೇಕಾದಷ್ಟು ಮಂದಿ ಇದ್ದಾರೆ. ಕಟ್ಟುತ್ತಾ ಹೋದಂತೆ ಇವರು ಬರೆಯುತ್ತಲೂ ಹೋಗುತ್ತಾರೆ. ಇವತ್ತು ಏನು ಮಾಡಿದೆ, ಎಷ್ಟು ಮಿಲಿಮೀಟರ್ ಕೀಸಿದೆ, ಎಲ್ಲಿ ಸೀಳು ಬಿಟ್ಟಿತು, ನಾಳೆ ಯಾವ ಕೆಲಸ ಎಂದೆಲ್ಲ ಫೋಟೋ ಸಮೇತ ಒಬ್ಬರಿಗೊಬ್ಬರು ಹಂಚಿಕೊಳ್ಳುತ್ತಾರೆ.

ಕೆಲವು ವರ್ಷಗಳಿಂದ ನಾನು ಈ ಬಗೆಯ ಬರಹವನ್ನೂ ಅದಕ್ಕೆ ಬೆನ್ನೆಲುಬಾದ ನಾಲ್ಕಾರು ಪುಸ್ತಕಗಳನ್ನೂ ಬಿಡದೆ ಓದುತ್ತಿದ್ದೇನೆ. ನಾನು ಗಿಟಾರ್ ಕಟ್ಟಿದವನಲ್ಲ, ಅಷ್ಟಿಷ್ಟು ನುಡಿಸುವವನು. ಹಾಗಾಗಿ ಕುಸುರಿಯ ಒಳ್ಳೆಯದು ಕೆಟ್ಟದ್ದರ ಮಾತು ನನಗೆ ಸಲ್ಲದು. ಬರಹದ ಮಾತು ಆಡಬಹುದು. ಈ ಬರಹ ಒಂದು ಕೆಲಸವನ್ನು ನಮ್ಮ ಬಹಳಷ್ಟು ಗದ್ಯಕ್ಕಿಂತ ಚೆನ್ನಾಗಿ ಮಾಡುತ್ತದೆ, ಎರಡು ಕಡೆ ಮಾತ್ರ ಬಾಯಿ ಕಟ್ಟಿಕೊಂಡು ಕೂರುತ್ತದೆ ಎಂಬುದು ನನ್ನ ಅನಿಸಿಕೆ. ಆ ಎರಡರಲ್ಲಿ ಒಂದು ಕನ್ನಡಿಗರಾದ ನಮಗೆ ನೇರವಾಗಿ ಸಂಬಂಧಪಟ್ಟದ್ದು.

ಮೊದಲು ಚೆನ್ನಾಗಿರುವುದನ್ನು ನೋಡೋಣ. ಅದಕ್ಕೆ ಕೆಲಸದ ಸ್ವರೂಪ ಸ್ವಲ್ಪ ಗೊತ್ತಿರಬೇಕು. ಅಕೂಸ್ಟಿಕ್ ಗಿಟಾರಿನ ಮುಂಭಾಗದ ಹಲಗೆ ಸಾಮಾನ್ಯವಾಗಿ ಸ್ಪ್ರೂಸ್ ಅಥವಾ ಸೀಡರ್ ಮರದ್ದು, ದಪ್ಪ ಎರಡೂವರೆ ಮಿಲಿಮೀಟರಿನ ಆಸುಪಾಸು. ಉಕ್ಕಿನ ತಂತಿಯ ಗಿಟಾರನ್ನು ಶ್ರುತಿ ಮಾಡಿದಾಗ ಆರೂ ತಂತಿ ಸೇರಿ ಎಪ್ಪತ್ತು ಕಿಲೋಗೂ ಮೀರಿದ ಬಲದಿಂದ ಆ ಹಲಗೆಯನ್ನು ಎಳೆಯುತ್ತವೆ. ಎಳೆತ ತಡೆಯುವಷ್ಟು ಗಟ್ಟಿಯಾಗಿರಬೇಕು, ನಡುಗುವಷ್ಟು ತೆಳುವಾಗಿಯೂ ಇರಬೇಕು. ಅದಕ್ಕಾಗಿ ಒಳಬದಿಗೆ ಸಣ್ಣ ಸಣ್ಣ ಮರದ ಪಟ್ಟಿಗಳನ್ನು ಅಂಟಿಸಿ, ಉಳಿಯಿಂದ ಕೆತ್ತಿ ಕೆತ್ತಿ ಹದಕ್ಕೆ ತರುತ್ತಾರೆ. ಪಕ್ಕದ ಹಲಗೆಗಳು ಎರಡು ಮಿಲಿಮೀಟರಿನಷ್ಟು ತೆಳು. ಅವನ್ನು ನೀರಿನಲ್ಲಿ ನೆನೆಸಿ, ಕಾದ ಕೊಳವೆಗೆ ಒತ್ತಿ, ಸೊಂಟದ ಆಕಾರಕ್ಕೆ ಬಗ್ಗಿಸಬೇಕು. ಫ್ರೆಟ್‌ಗಳ ಜಾಗ ಪೂರ್ತಿ ಲೆಕ್ಕಾಚಾರ. ತಂತಿಯ ಉದ್ದ 650 ಮಿಲಿಮೀಟರ್ ಆದರೆ ಮೊದಲ ಫ್ರೆಟ್ ಸುಮಾರು 36.5 ಮಿಲಿಮೀಟರಿಗೆ, ಹನ್ನೆರಡನೆಯದು ಸರಿಯಾಗಿ 325ಕ್ಕೆ. ನಮ್ಮ ವೀಣೆಯಲ್ಲಿ ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನು ಮೇಣದ ಮೇಲೆ ಕೂರಿಸಿ, ಕಿವಿಗೆ ಸರಿ ಬರುವವರೆಗೂ ಸರಿಸಿ ನೋಡುತ್ತಾರೆ, ಮೇಣ ಸಡಿಲವಾದರೆ ಮತ್ತೆ ಕೂರಿಸುತ್ತಾರೆ. ಗಿಟಾರಿನಲ್ಲಿ ಗರಗಸ ಒಮ್ಮೆ ಗೀರು ಹಾಕಿದರೆ ಮುಗಿಯಿತು.

ಅಂದರೆ ಇದು ಹಿಂದಕ್ಕೆ ಹೋಗಲಾಗದ ಹೆಜ್ಜೆಗಳ ಕೆಲಸ. ಬಗ್ಗಿಸುವಾಗ ಮುರಿದ ಹಲಗೆ ಮುರಿದದ್ದೇ. ಹೆಚ್ಚು ಕೀಸಿದ ಅರ್ಧ ಮಿಲಿಮೀಟರ್ ಮರಳಿ ಬರುವುದಿಲ್ಲ. ನಾವು ದಿನವಿಡೀ ಮಾಡುವ ಕೆಲಸದಲ್ಲಿ ಬಹುಪಾಲನ್ನು ಒಂದು ಆಜ್ಞೆ ಕೊಟ್ಟು ಹಿಂದಕ್ಕೆ ತರಬಹುದು. ನಿನ್ನೆಯ ಆವೃತ್ತಿ ಎಲ್ಲೋ ಭದ್ರವಾಗಿರುತ್ತದೆ. ಐಟಿಯಲ್ಲಿರುವ ಇಷ್ಟೊಂದು ಜನ ಈ ಹವ್ಯಾಸಕ್ಕೆ ಬೀಳುವುದಕ್ಕೆ ಇದೂ ಒಂದು ಕಾರಣ ಎಂದು ನನ್ನ ಊಹೆ.

ಈ ಸ್ಥಿತಿಯೇ ಅವರ ಗದ್ಯವನ್ನು ತಿದ್ದಿದೆ. ಪ್ರಾಜೆಕ್ಟ್ ಮ್ಯಾನೇಜರ್ ಆಗಿ ನಾನು ವಾರವಾರವೂ ಪ್ರಗತಿ ವರದಿ ಓದುತ್ತೇನೆ, ಬರೆಯುತ್ತೇನೆ. ಅದರಲ್ಲಿ ಹಸಿರು, ಹಳದಿ, ಕೆಂಪು ಎಂಬ ಮೂರು ಬಣ್ಣಗಳಿರುತ್ತವೆ, ಒಂದು ಶೇಕಡಾವಾರು ಅಂಕಿ ಇರುತ್ತದೆ. ಶೇ. 90 ಮುಗಿದಿದೆ ಎಂಬ ಸಾಲು ಮೂರು ವಾರ ಹಾಗೇ ನಿಂತಿರುವುದನ್ನು ಈ ಉದ್ಯೋಗದಲ್ಲಿರುವ ಯಾರೂ ಕಾಣದೇ ಇರಲಾರರು. ಗಿಟಾರ್ ಕಟ್ಟುವವರು ಶೇಕಡಾವಾರಿನಲ್ಲಿ ಬರೆಯುವುದಿಲ್ಲ. ಹಲಗೆ 2.8 ಇದೆ, ಅಂಚಿನಲ್ಲಿ 2.5ಕ್ಕೆ ತರಬೇಕು, ಬಲಗಡೆ ಗಂಟಿನ ಹತ್ತಿರ ಕೀಸುಳಿ ಕಿತ್ತುಕೊಂಡು ಬಂದಿದೆ, ಫೋಟೋ ನೋಡಿ ಎನ್ನುತ್ತಾರೆ. ಕೆಟ್ಟದ್ದನ್ನು ಕೆಟ್ಟ ಜಾಗದಲ್ಲೇ, ಕೆಟ್ಟ ದಿನವೇ ಬರೆಯುತ್ತಾರೆ. ಮುಂದೆ ಗಿಟಾರ್ ಆಗುತ್ತದೋ ಇಲ್ಲವೋ ಬರೆಯುವವರಿಗೇ ಗೊತ್ತಿಲ್ಲ. ಅಂತ್ಯ ತಿಳಿಯದೆ ನಡುವಿನಲ್ಲಿ ನಿಂತು ಬರೆದ ಗದ್ಯ ನಮ್ಮಲ್ಲಿ ಕಡಿಮೆ. ಆತ್ಮಕಥೆ ಗೆದ್ದ ಮೇಲೆ ಬರುತ್ತದೆ, ಪ್ರವಾಸಕಥನ ಮನೆ ಸೇರಿದ ಮೇಲೆ.

ಈ ಬಿಚ್ಚುಮನಸ್ಸು ಮೊದಲಿನಿಂದ ಇದ್ದದ್ದಲ್ಲ. ಇಂದಿನ ಕ್ಲಾಸಿಕಲ್ ಗಿಟಾರಿನ ರೂಪವನ್ನು ಬಹುಮಟ್ಟಿಗೆ ನಿಲ್ಲಿಸಿದವನು ಸ್ಪೇನಿನ ಅಲ್ಮೇರಿಯಾದ ಆಂಟೋನಿಯೊ ದೆ ಟೋರೆಸ್ (1817–1892). ಮೂಲತಃ ಬಡಗಿ. ತನ್ನ ಗುಟ್ಟು ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಲ್ಲಿದೆ, ಅದನ್ನು ಬಿಟ್ಟುಹೋಗಲು ಬರುವುದಿಲ್ಲ, ತನ್ನ ಜೊತೆಗೇ ಮಣ್ಣಿಗೆ ಹೋಗುತ್ತದೆ ಎಂಬರ್ಥದ ಮಾತು ಅವನದೆಂದು ಅವನನ್ನು ಬಲ್ಲ ಪಾದ್ರಿಯೊಬ್ಬರು ಎಷ್ಟೋ ಕಾಲದ ನಂತರ ನೆನಪಿಸಿಕೊಂಡಿದ್ದಾರೆ. ಹಲಗೆಯನ್ನು ಎರಡು ಬೆರಳ ನಡುವೆ ಹಿಡಿದು ಅದರ ಹದ ತಿಳಿಯುವ ವಿದ್ಯೆ ಅದು. ತಂದೆಯಿಂದ ಮಗನಿಗೆ, ಗುರುವಿನಿಂದ ಮನೆಯಲ್ಲಿದ್ದ ಶಿಷ್ಯನಿಗೆ ದಾಟಬಹುದಿತ್ತು. ಕಾಗದಕ್ಕೆ ದಾಟುತ್ತಿರಲಿಲ್ಲ.

ಇಪ್ಪತ್ತನೆಯ ಶತಮಾನದ ಅಮೆರಿಕದ ಹವ್ಯಾಸಿಗಳಿಗೆ ಇಂಥ ತಂದೆಯೂ ಇರಲಿಲ್ಲ, ಗುರುವೂ ಇರಲಿಲ್ಲ. ಅವರಿಗೆ ಸಿಕ್ಕದ್ದು ಪುಸ್ತಕ. 1966ರಲ್ಲಿ ಅರ್ವಿಂಗ್ ಸ್ಲೋನ್ ಬರೆದ ‘ಕ್ಲಾಸಿಕ್ ಗಿಟಾರ್ ಕನ್‌ಸ್ಟ್ರಕ್ಷನ್’ ಎಂಬ ತೆಳು ಪುಸ್ತಕ ಎಷ್ಟೋ ಜನರ ಕೈಗೆ ಮೊದಲ ಉಳಿ ಕೊಟ್ಟಿತು. 1972ರಲ್ಲಿ ಗಿಲ್ಡ್ ಆಫ್ ಅಮೆರಿಕನ್ ಲೂಥಿಯರ್ಸ್ ಹುಟ್ಟಿತು. ಹಳೆಯ ಯೂರೋಪಿನಲ್ಲಿ ಗಿಲ್ಡ್ ಎಂದರೆ ಕಸುಬಿನ ಗುಟ್ಟು ಹೊರಗೆ ಹೋಗದಂತೆ ಕಾಯುವ ಸಂಘ. ಇವರು ಅದೇ ಹೆಸರಿಟ್ಟುಕೊಂಡು, ತಿಳಿದದ್ದನ್ನು ಎಲ್ಲರಿಗೂ ಹೇಳುವುದೇ ಸಂಘದ ಕೆಲಸ ಎಂದರು. 1987ರಲ್ಲಿ ವಿಲಿಯಂ ಕಂಪಿಯಾನೊ ಮತ್ತು ಜೋನಾಥನ್ ನೇಟಲ್ಸನ್ ಅವರ ‘ಗಿಟಾರ್‌ಮೇಕಿಂಗ್: ಟ್ರೆಡಿಷನ್ ಅಂಡ್ ಟೆಕ್ನಾಲಜಿ’ ಬಂತು. ಇಂದಿಗೂ ಹವ್ಯಾಸಿಗಳ ಮೇಜಿನ ಮೇಲೆ ಮರದ ಹುಡಿ ಹಿಡಿದು ಕೂತಿರುವ ಪುಸ್ತಕ ಅದು. ಹೀಗೆ ಮಾಡು ಎಂದು ಹೇಳುವ ಮುನ್ನ ಹೀಗೇಕೆ ಎಂದು ವಿವರಿಸುತ್ತದೆ. ನಾನು ಓದಿದ ತಾಂತ್ರಿಕ ಕೈಪಿಡಿಗಳಲ್ಲಿ ಇಷ್ಟು ತಾಳ್ಮೆಯದು ಅಪರೂಪ.

ಟೋರೆಸನ ಬೆರಳ ತುದಿಯಲ್ಲಿದ್ದದ್ದು ನೂರು ವರ್ಷದೊಳಗೆ ಕ್ಯಾಲಿಪರಿನ ಅಂಕಿಯಾಗಿ ಯಾರ ಕೈಗಾದರೂ ಸಿಗುವಂತಾಯಿತು. ಇದು ದೊಡ್ಡ ಕೆಲಸ. ಆದರೆ ಬೆರಳಿನಿಂದ ಅಂಕಿಗೆ ಬರುವಾಗ ಒಂದಿಷ್ಟು ಕೆಳಗೆ ಬಿತ್ತು. ಬಾಯಿ ಕಟ್ಟುವ ಮೊದಲ ಜಾಗ ಇದೇ, ನಾದ.

ನೂರಾರು ಪುಟ ಕಟ್ಟಡದ ವಿವರ ಬರೆದವರು ತಂತಿ ಹಾಕಿದ ದಿನ ಎರಡು ಸಾಲಿನಲ್ಲಿ ಮುಗಿಸುತ್ತಾರೆ. ದನಿ ಬೆಚ್ಚಗಿದೆ, ಹೊಳಪಾಗಿದೆ, ಸಮತೋಲವಾಗಿದೆ. ಈ ನಾಲ್ಕಾರು ವಿಶೇಷಣಗಳೇ ಮನೆಯಿಂದ ಮನೆಗೆ ಓಡಾಡುತ್ತವೆ. ಅಂಗಡಿಯ ಜಾಹೀರಾತಿನಲ್ಲೂ ಇವೇ ಮಾತುಗಳು. ಆಮೇಲೆ ಬಾಗಿಲ ಬಿಸಿಲಿಗೆ ಗಿಟಾರನ್ನು ಒರಗಿಸಿ ತೆಗೆದ ಒಂದು ಫೋಟೋ. ಕಥೆ ಅಲ್ಲಿಗೆ ಮುಗಿಯಿತು. ಆರು ತಿಂಗಳ ನಂತರ ಆ ಗಿಟಾರ್ ಹೇಗೆ ನುಡಿಯುತ್ತಿದೆ, ಮೂರನೇ ತಂತಿಯ ಒಂಬತ್ತನೇ ಮನೆಯಲ್ಲಿ ಸ್ವರ ಸಾಯುತ್ತದೆಯೇ, ಮನೆಯವರು ಅದನ್ನು ನುಡಿಸುತ್ತಾರೆಯೇ, ಯಾರೂ ಬರೆಯುವುದಿಲ್ಲ. ಬರೆಯುವವರು ಅಷ್ಟು ಹೊತ್ತಿಗೆ ಎರಡನೇ ಗಿಟಾರಿನ ಹಲಗೆ ಅಂಟಿಸುತ್ತಿರುತ್ತಾರೆ.

ಎಂಜಿನಿಯರ್ ಮನಸ್ಸಿನವರು ಇದಕ್ಕೂ ಅಂಕಿ ಹುಡುಕಿದ್ದಾರೆ. 2011ರಲ್ಲಿ ಬಂದ ಟ್ರೆವರ್ ಗೋರ್ ಮತ್ತು ಜೆರಾರ್ಡ್ ಗಿಲೆಟ್ ಅವರ ಎರಡು ಸಂಪುಟಗಳು ಹಲಗೆ ಯಾವ ಕಂಪನಾಂಕದಲ್ಲಿ ಮಿಡಿಯುತ್ತದೆ ಎಂದು ಅಳೆದು ಕಟ್ಟುವ ದಾರಿ ತೋರಿಸುತ್ತವೆ. ಪೆಟ್ಟಿಗೆಯೊಳಗಿನ ಗಾಳಿ ನೂರು ಹರ್ಟ್ಸ್ ಆಸುಪಾಸಿನಲ್ಲಿ, ಮುಂಭಾಗದ ಹಲಗೆ ಇನ್ನೂರರ ಆಸುಪಾಸಿನಲ್ಲಿ ಮಿಡಿಯುತ್ತದೆ. ಹಲಗೆಯ ಮೇಲೆ ಚಹಾಪುಡಿ ಉದುರಿಸಿ, ಕೆಳಗಿನಿಂದ ಸ್ಪೀಕರಿನ ಶಬ್ದ ಕೊಟ್ಟು, ಪುಡಿ ಯಾವ ಗೆರೆಯಲ್ಲಿ ನಿಲ್ಲುತ್ತದೆ ನೋಡುವವರಿದ್ದಾರೆ. ಎಂಟೆಕ್ ಮಾಡಿದ ನನಗೆ ಇವೆಲ್ಲ ಬಹಳ ಇಷ್ಟವಾಗುತ್ತವೆ. ಆದರೂ 190 ಹರ್ಟ್ಸ್ ಎಂದು ಓದಿದರೆ ನನ್ನ ಕಿವಿಯಲ್ಲಿ ಗಿಟಾರ್ ಕೇಳಿಸುವುದಿಲ್ಲ.

ನಾದವನ್ನು ಮಾತಿನಲ್ಲಿ ಹಿಡಿಯಲು ಆಗುವುದೇ ಇಲ್ಲ ಎಂದು ಕೆಲವರು ಹೇಳಬಹುದು. ನಾನಿರುವ ಪುಣೆಯಿಂದ ರೈಲು ಹತ್ತಿದರೆ ಕೆಲವು ಗಂಟೆಗಳಲ್ಲಿ ಮೀರಜ್ ಸಿಗುತ್ತದೆ. ಹುಬ್ಬಳ್ಳಿ-ಧಾರವಾಡದ ಗಾಯಕರ ತಂಬೂರಿಗಳ ತವರು ಅದು. 2024ರಲ್ಲಿ ಅಲ್ಲಿನ ಸಿತಾರ್ ಮತ್ತು ತಂಬೂರಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂತು. ತಂಬೂರಿಯ ಕುದುರೆಯ ಮೇಲ್ಮೈಯನ್ನು ಅತಿ ಸೂಕ್ಷ್ಮವಾಗಿ ಅರೆದು ನಾದ ಬಿಡಿಸುವುದಕ್ಕೆ ಜವಾರಿ ಎನ್ನುತ್ತಾರೆ. ಆ ಕಸುಬಿನವರು ಖುಲಾ ಜವಾರಿ, ಬಂದ್ ಜವಾರಿ, ಗೋಲ್ ಜವಾರಿ ಎಂದು ಮೂರು ಬಗೆ ಹೇಳುತ್ತಾರೆ, ತೆರೆದದ್ದು, ಮುಚ್ಚಿದ್ದು, ದುಂಡಗಿನದು. ಈ ಮಾತುಗಳು ಅಲಂಕಾರಕ್ಕೆ ಬಂದವಲ್ಲ. ಗಾಯಕ ‘ಸ್ವಲ್ಪ ಬಂದ್ ಮಾಡಿ’ ಎಂದರೆ ಕುದುರೆಯ ಮೇಲೆ ಕೈ ಹೇಗೆ ಹೋಗಬೇಕೆಂದು ಕೆಲಸಗಾರನಿಗೆ ಗೊತ್ತಾಗುತ್ತದೆ. ಕಿವಿ ಮತ್ತು ಕೈ ಎರಡಕ್ಕೂ ಅರ್ಥವಾಗುವ ಶಬ್ದಗಳು ಅವು. ಅಲ್ಲಿ ಇವನ್ನು ಯಾರೂ ದಿನಚರಿಯಾಗಿ ಬರೆದಿಡುವುದಿಲ್ಲ, ಗ್ಯಾರೇಜಿನವರು ಎಲ್ಲವನ್ನೂ ಬರೆದಿಟ್ಟರೂ ಅವರ ಹತ್ತಿರ ಈ ಶಬ್ದಗಳಿಲ್ಲ.

ನನ್ನ ತಂಡದಲ್ಲಿ ಹುಬ್ಬಳ್ಳಿ ಕಡೆಯ ಹುಡುಗನೊಬ್ಬನಿದ್ದಾನೆ. ಎರಡು ಕೋಣೆಯ ಬಾಡಿಗೆ ಫ್ಲ್ಯಾಟಿನ ಬಾಲ್ಕನಿಯಲ್ಲಿ ಗಿಟಾರ್ ಕಟ್ಟಿದ. ಪುಸ್ತಕಗಳು ಗಾಳಿಯ ತೇವಾಂಶ ಶೇ. 45ರಿಂದ 50ರಲ್ಲಿ ಅಂಟಿಸು ಎನ್ನುತ್ತವೆ. ಪುಣೆಯ ಮಳೆಗಾಲದಲ್ಲಿ ಉಬ್ಬಿದ ಹಲಗೆಯನ್ನು ಅಂಟಿಸಿಬಿಟ್ಟರೆ ಬೇಸಗೆಯಲ್ಲಿ ಕುಗ್ಗಿ ಸೀಳುತ್ತದೆ. ಅದಕ್ಕೆ ಅವನು ದೀಪಾವಳಿಯವರೆಗೆ ಕಾದ. ಅವನ ನೋಟ್‌ಬುಕ್ಕಿನಲ್ಲಿ ತಾರೀಕು, ತೇವಾಂಶ, ದಪ್ಪ ಎಲ್ಲ ಇಂಗ್ಲಿಷಿನಲ್ಲಿ ನೀಟಾಗಿವೆ. ಕೊನೆಯ ಪುಟದಲ್ಲಿ ದನಿಯ ಬಗ್ಗೆ ಇಂಗ್ಲಿಷಿನ ಒಂದೇ ಒಂದು ಶಬ್ದ, ಬೆಚ್ಚಗಿದೆ ಎಂಬರ್ಥದ್ದು. ‘ನಿಜವಾಗ್ಲೂ ಹೇಗಿದೆಯೋ?’ ಎಂದು ಕೇಳಿದೆ. ಕೆಳಗಿನ ತಂತಿ ಮೀಟಿ, ತಲೆ ಓರೆ ಮಾಡಿ ಕೇಳಿ, ‘ದನಿ ಇನ್ನೂ ಒಳಗ ಐತ್ರೀ ಸರ್. ಕೊಡದಾಗ ಬಾಯಿ ಇಟ್ಟು ಮಾತಾಡಿದಂಗ ಆಗ್ತೈತಿ. ಹೊರಗ ಬರ್ಬೇಕು’ ಎಂದ. ಈ ಮಾತು ಆ ನೋಟ್‌ಬುಕ್ಕಿನಲ್ಲಿ ಇರಬೇಕಿತ್ತು. ಮುಂದಿನ ಹಲಗೆಯನ್ನು ಎಷ್ಟು ಕೀಸಬೇಕು ಎಂಬ ಪ್ರಶ್ನೆಗೆ ಅದರಲ್ಲಿ ಒಂದು ಸುಳಿವಿದೆ. ಗುಂಯ್, ಢಣ್, ಟಪ್, ಝೇಂಕಾರ, ಗುನುಗು ಎಂದು ಶಬ್ದಕ್ಕೆ ಶಬ್ದ ಕೂಡಿಸುವ ಭಾಷೆ ನಮ್ಮದು. ಮರ ತಟ್ಟಿ ನೋಡುವವನಿಗೆ ಇದಕ್ಕಿಂತ ಒಳ್ಳೆಯ ಉಪಕರಣ ಬೇಕೇ?

ಬಾಯಿ ಕಟ್ಟುವ ಎರಡನೇ ಜಾಗ ಮರ. ಸೊನ್ನೆ ಬಿಂದು ಒಂದು ಮಿಲಿಮೀಟರಿನವರೆಗೂ ದಪ್ಪ ಹೇಳುವ ಈ ಬರಹದಲ್ಲಿ ಗಿಟಾರಿನ ಬೆನ್ನು ಮತ್ತು ಪಕ್ಕದ ಹಲಗೆಯ ಬಗ್ಗೆ ಬಹಳಷ್ಟು ಸಲ ಸಿಗುವುದು ಮೂರೇ ಅಕ್ಷರ, ‘ಇಐಆರ್’. ಅಂದರೆ ಈಸ್ಟ್ ಇಂಡಿಯನ್ ರೋಸ್‌ವುಡ್. ಅದೇ ನಮ್ಮ ಬೀಟೆ. ಪಶ್ಚಿಮಘಟ್ಟದ ಮರ. ಮಲೆನಾಡಿನ ಹಳೆಯ ಮನೆಗಳ ಮಂಚ, ಪೆಟ್ಟಿಗೆ, ತೊಟ್ಟಿಲುಗಳ ಮರ, ಮೈಸೂರಿನ ಕೆತ್ತನೆಯವರು ಬಣ್ಣಬಣ್ಣದ ಚೂರು ಕೂರಿಸಿ ಆನೆ, ಅಂಬಾರಿ ಬಿಡಿಸುವ ಮರ. ಸ್ವಂತ ಜಮೀನಿನಲ್ಲಿ ಬೆಳೆದಿದ್ದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಡಿಯುವ ಹಾಗಿಲ್ಲ.

ಅದು ಗಿಟಾರಿನ ಲೋಕದಲ್ಲಿ ಬೇರೂರಿದ್ದಕ್ಕೂ ಕಾರಣವಿದೆ. ಮೊದಲು ಮೆರೆದದ್ದು ಬ್ರೆಜಿಲಿನ ರೋಸ್‌ವುಡ್. ಅದರ ದಿಮ್ಮಿ ಸಿಗುವುದು ಕಷ್ಟವಾದಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಗೆ ಬದಲಾಯಿತು. ಉಳಿದವರೂ ಅದೇ ದಾರಿ ಹಿಡಿದರು. ಅಳಿವಿನ ಅಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದಡಿ ಬ್ರೆಜಿಲ್ ಮರದ ಮಾರಾಟಕ್ಕೆ 1992ರಲ್ಲಿ ಬಿಗಿ ನಿರ್ಬಂಧ ಬಂತು. 2017ರ ಆರಂಭದಲ್ಲಿ ಬೀಟೆಯೂ ಸೇರಿದಂತೆ ಆ ಕುಲದ ಎಲ್ಲ ಮರಗಳೂ ಪರವಾನಗಿಯ ಪಟ್ಟಿಗೆ ಬಂದವು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಹವ್ಯಾಸಿಗಳು ಈ ವಿಷಯ ಬರೆದಿದ್ದಾರೆ, ಆದರೆ ಬರೆದದ್ದೆಲ್ಲ ಪಾರ್ಸೆಲ್ ತಡವಾದ ಬಗ್ಗೆ, ಕಾಗದಪತ್ರದ ಕಿರಿಕಿರಿಯ ಬಗ್ಗೆ. ಆ ಮರ ಯಾವ ಕಾಡಿನದು, ತೋಟದ ನೆರಳಿಗೆ ಬೆಳೆದದ್ದೋ, ಹಳೆ ಮನೆಯ ತೊಲೆಯೋ, ಬೆಳೆಯಲು ಎಷ್ಟು ವರ್ಷ ಹಿಡಿಯಿತು ಎಂದು ಕೇಳುವವರಿಲ್ಲ. ಹಲಗೆ ಮಾರಿದವನ ಮನೆಯಿಂದಾಚೆಗೆ ಕಥೆ ಹೋಗುವುದೇ ಇಲ್ಲ.

ಈ ಮರವೇ ಬೇಕೇ ಎಂಬುದೂ ಕೇಳಬೇಕಾದ ಪ್ರಶ್ನೆ. 1862ರಲ್ಲಿ ಅದೇ ಟೋರೆಸ್ ಒಂದು ಗಿಟಾರಿಗೆ ಬೆನ್ನು ಮತ್ತು ಪಕ್ಕಗಳನ್ನು ರಟ್ಟಿನಿಂದ ಮಾಡಿ, ಮುಂಭಾಗದ ಹಲಗೆಗೆ ಮಾತ್ರ ಒಳ್ಳೆಯ ಮರ ಹಾಕಿದ. ನಾದದ ಹೆಚ್ಚಿನ ಪಾಲು ಆ ಹಲಗೆಯದು ಎಂದು ತೋರಿಸಲು ಕಟ್ಟಿದ್ದು. ಬಾರ್ಸಿಲೋನಾದ ಸಂಗೀತ ಮ್ಯೂಸಿಯಂನಲ್ಲಿ ಆ ಗಿಟಾರ್ ಇಂದಿಗೂ ಇದೆ. 2018ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಬೆನ್ನು-ಪಕ್ಕಗಳ ಮರ ಬಿಟ್ಟರೆ ಉಳಿದೆಲ್ಲ ಒಂದೇ ಆಗಿರುವ ಆರು ಗಿಟಾರ್ ಕಟ್ಟಿಸಿ, ಮರ ಕಾಣದಂತೆ ಮಾಡಿ, 52 ಜನ ಗಿಟಾರ್ ವಾದಕರಿಂದ ನುಡಿಸಿದ ಪ್ರಯೋಗ ಪ್ರಕಟಿಸಿದರು. ಬ್ರೆಜಿಲಿನ ರೋಸ್‌ವುಡ್ಡಿಗೂ ಅಗ್ಗದ ಮರಗಳಿಗೂ ವಾದಕರು ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವಂಥ ಅಂತರ ಇರಲಿಲ್ಲ. ನಾದಕ್ಕೆ ಸರಿಯಾದ ಮಾತು ಇಲ್ಲದ ಕಡೆ ಮರದ ಹೆಸರೇ ನಾದದ ಜಾಗಕ್ಕೆ ಬಂದು ಕೂರುತ್ತದೆ. ಕಿವಿಯಿಂದ ಕೇಳಿ ಬರೆಯುವ ಅಭ್ಯಾಸ ಇದ್ದಿದ್ದರೆ, ಎಷ್ಟೋ ಜನ ತಮ್ಮ ಊರಿನ ವಾಲ್‌ನಟ್ ಹಲಗೆಯನ್ನೇ ಹಿಡಿಯುತ್ತಿದ್ದರು, ಘಟ್ಟದಲ್ಲಿ ಒಂದಷ್ಟು ಬೀಟೆ ನಿಂತಿರುತ್ತಿತ್ತು ಎಂದು ನನಗನ್ನಿಸುತ್ತದೆ.

ಮರದ ವಿಷಯದಲ್ಲಿ ಬಾಯಿ ಬಿಟ್ಟು ಮಾತಾಡುವ ಒಂದು ಪುಸ್ತಕವಿದೆ, ಕ್ವೀನ್ ತಂಡದ ಬ್ರಯಾನ್ ಮೇ ಅವರು ಸೈಮನ್ ಬ್ರ್ಯಾಡ್ಲಿ ಜೊತೆ 2014ರಲ್ಲಿ ತಂದ ‘ಬ್ರಯಾನ್ ಮೇಸ್ ರೆಡ್ ಸ್ಪೆಷಲ್’. 1963ರಲ್ಲಿ, ಹದಿನಾರರ ಹುಡುಗ ಮೇ ಮತ್ತು ಅವರ ಅಪ್ಪ ಹೆರಾಲ್ಡ್ ಮನೆಯಲ್ಲೇ ಒಂದು ಎಲೆಕ್ಟ್ರಿಕ್ ಗಿಟಾರ್ ಕಟ್ಟಲು ಕೂತರು, ಕೊಳ್ಳಲು ಹಣವಿರಲಿಲ್ಲವೆಂದು. ಗಿಟಾರಿನ ಕತ್ತು ಹಳೆಯ ಅಗ್ಗಿಷ್ಟಿಕೆಯ ಮೇಲಿನ ಮರದ ಚೌಕಟ್ಟಿನಿಂದ ಬಂತು, ಅದರಲ್ಲಿ ಹುಳ ಕೊರೆದ ತೂತುಗಳೂ ಇದ್ದವು. ಒಡಲಿನ ನಡುಭಾಗ ಹಳೆಯ ಓಕ್ ಮೇಜಿನದು. ಫ್ರೆಟ್ ಗುರುತಿನ ಚುಕ್ಕಿಗಳು ಅಮ್ಮನ ಹೊಲಿಗೆ ಡಬ್ಬಿಯ ಮುತ್ತಿನ ಚಿಪ್ಪಿನ ಗುಂಡಿಗಳು. ತಂತಿ ನಡುಗಿಸುವ ಸನ್ನೆಯ ಸ್ಪ್ರಿಂಗುಗಳು ಹಳೆಯ ಪ್ಯಾಂಥರ್ ಮೋಟರ್‌ಸೈಕಲ್ಲಿನವು, ಅದರ ತುದಿ ಹೆಣಿಗೆ ಕಡ್ಡಿಯದು. ಆ ಗಿಟಾರಿನ ಪ್ರತಿ ತುಂಡಿಗೂ ಊರು, ಕೇರಿ, ಮನೆ ಇದೆ. ಯಾವುದೂ ಮೂರಕ್ಷರದ ಸಂಕೇತವಾಗಿ ಉಳಿಯುವುದಿಲ್ಲ. ಪುಸ್ತಕದ ನಿಜವಾದ ಗುಣ ಇದು.

ಅದಕ್ಕೂ ಒಂದು ಕೊರತೆ ಇದೆ. ಐವತ್ತು ವರ್ಷ ಕಳೆದ ಮೇಲೆ, ಆ ಗಿಟಾರ್ ಜಗತ್ತಿನ ದೊಡ್ಡ ದೊಡ್ಡ ಮೈದಾನಗಳಲ್ಲಿ ಮೊಳಗಿದ ಮೇಲೆ ಬರೆದದ್ದು. ಹೀಗಾಗಿ ಅಮ್ಮನ ಗುಂಡಿಯೂ ಕೀರ್ತಿಯ ಬೆಳಕಿನಲ್ಲಿ ಮಿಂಚುತ್ತದೆ. ಅಪ್ಪ-ಮಗನಿಗೆ ಆ ಎರಡು ವರ್ಷಗಳಲ್ಲಿ ಇದು ನುಡಿಯುತ್ತದೋ ಇಲ್ಲವೋ ಎಂದು ಅನಿಸಿದ ಸಂಜೆಗಳು ಎಷ್ಟಿದ್ದವೋ, ಅವು ಗೆದ್ದವರ ಪುಸ್ತಕಕ್ಕೆ ಬರುವುದಿಲ್ಲ. ಹೆಸರಿಲ್ಲದ ಹವ್ಯಾಸಿಯ ದಿನಚರಿಯಲ್ಲಿ ಇರುವುದೇ ಆ ಸಂಜೆಗಳು. ನನಗೆ ಎರಡೂ ಬೇಕು, ಮೇ ಅವರ ಹಾಗೆ ಪ್ರತಿ ಚೂರಿನ ಮೂಲ ಹೇಳುವ ಮಾತು, ಹವ್ಯಾಸಿಗಳ ಹಾಗೆ ಅಂತ್ಯ ಗೊತ್ತಿಲ್ಲದೆ ಬರೆಯುವ ಧೈರ್ಯ.

ಹೊರನಾಡಿನಲ್ಲಿರುವ ನಾವು ಒಂದಲ್ಲ ಒಂದು ಕೈಗೆಲಸ ಶುರು ಮಾಡುತ್ತಿದ್ದೇವೆ. ಕೆಲವರು ಬಾಲ್ಕನಿಯಲ್ಲಿ ಮರ ಕೀಸುತ್ತಾರೆ, ಕೆಲವರು ಮಣ್ಣು ತಿರುಗಿಸುತ್ತಾರೆ, ಇನ್ನು ಕೆಲವರು ಹುಳಿಹಿಟ್ಟಿನ ಬ್ರೆಡ್ ಸುಡುತ್ತಾರೆ. ಟಿಪ್ಪಣಿಯನ್ನು ಮಾತ್ರ ಆಫೀಸಿನ ಇಂಗ್ಲಿಷಿನಲ್ಲಿ ಬರೆಯುತ್ತೇವೆ. ಅಂಕಿಗಳು ಹಾಗೇ ಇರಲಿ, ಅವಕ್ಕೆ ಭಾಷೆಯ ಹಂಗಿಲ್ಲ. ದನಿ ಹೇಗಿದೆ, ಮರ ಎಲ್ಲಿಯದು ಎಂಬ ಎರಡು ಸಾಲನ್ನಾದರೂ ಕನ್ನಡದಲ್ಲಿ ಬರೆದು ನೋಡಬಹುದು. ನಮ್ಮ ಹುಬ್ಬಳ್ಳಿಯ ಹುಡುಗ ಎರಡನೇ ಗಿಟಾರಿಗೆ ಹಲಗೆ ಹುಡುಕುತ್ತಿದ್ದಾನೆ. ಊರಿನಲ್ಲಿ ಅಜ್ಜನ ಮನೆ ಕೆಡವುತ್ತಿದ್ದಾರಂತೆ, ಹಳೆಯ ಸಾಗುವಾನಿಯ ಬಾಗಿಲು ಇದೆಯಂತೆ. ಅದರ ತೇವಾಂಶ ಅಳೆಯಲು ಮೀಟರ್ ಕೊಂಡಿದ್ದಾನೆ. ಆ ಬಾಗಿಲು ಯಾರು ಮಾಡಿದ್ದು ಎಂದು ಅಜ್ಜಿಯನ್ನು ಕೇಳಿಕೊಂಡು ಬಾ ಎಂದಿದ್ದೇನೆ.